ವೇಗದ ವಿಮಾನವನ್ನು ಸ್ವತಃ ಕಟ್ಟಬಹುದೇ? ಮೊದಲು ಅದರ ಸ್ಟಾಲ್ ವೇಗ ನೋಡಿ

ಓದುಗರ ಪ್ರಶ್ನೆ: ನನ್ನ ಬಳಿ ಖಾಸಗಿ ಪೈಲಟ್ ಪರವಾನಗಿ ಇದೆ. ಇದುವರೆಗೆ ಸುಮಾರು 250 ಗಂಟೆ ಹಾರಿದ್ದೇನೆ, ಬಹುಪಾಲು ಸೆಸ್ನಾ 172ರಲ್ಲಿ. ವೇಗವಾಗಿ ಹಾರುವ ವಿಮಾನವೊಂದನ್ನು ನಾನೇ ಕಟ್ಟಬೇಕೆಂಬುದು ಬಹುಕಾಲದ ಆಸೆ. ನಾಲ್ಕು ಆಸನಗಳ, ಕಾರ್ಬನ್ ಫೈಬರ್ ಮೈಯ, ಚಕ್ರಗಳನ್ನು ಒಳಗೆ ಮಡಚಿಕೊಳ್ಳುವ ಲ್ಯಾನ್ಸೇರ್-4 ವಿಮಾನದ ಅರ್ಧ ಮುಗಿದ ಕಿಟ್ ಒಂದು ಈಗ ಮಾರಾಟಕ್ಕೆ ಬಂದಿದೆ. ಅಂಟು ಹಾಕಿ ಜೋಡಿಸಿದ ವಿಮಾನ ಗಾಳಿಯಲ್ಲಿ ಬಿಚ್ಚಿಕೊಳ್ಳುತ್ತದೆ ಎಂದು ಮನೆಯವರು ಹೆದರುತ್ತಾರೆ. ಸಣ್ಣ ರೆಕ್ಕೆಯ ವಿಮಾನದ ಗೊಡವೆಯೇ ಬೇಡ, ಲೋಹದ ಆರ್‌ವಿ ಎಂಬ ಕಿಟ್ ವಿಮಾನ ಕಟ್ಟು ಎಂದು ಹಿರಿಯ ಪೈಲಟ್ ಒಬ್ಬರು ಹೇಳುತ್ತಾರೆ. ಹಾರುವ ಮುನ್ನ ಸರ್ಕಾರದ ತಪಾಸಣೆ ಇದ್ದೇ ಇರುತ್ತದೆ, ಭಯವೇಕೆ ಎನ್ನುವುದು ಮಾರುವವರ ಮಾತು. ನಾನು ಯಾರನ್ನು ನಂಬಬೇಕು? ಕಿಟ್ ಕೊಳ್ಳಬಹುದೇ? ಕಟ್ಟಿ ಮುಗಿಸಿದ ಮೇಲೆ ಮೊದಲ ಹಾರಾಟವನ್ನು ನಾನೇ ಮಾಡಬಹುದೇ?

ತಜ್ಞರ ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಆತಂಕಗಳು ಬೆರೆತಿವೆ. ಅಪಾಯವಿರುವುದು ವಿಮಾನದ ವಸ್ತುವಿನಲ್ಲೋ, ವಿನ್ಯಾಸದಲ್ಲೋ, ಕಟ್ಟುವವರ ಕೈಯಲ್ಲೋ ಎಂಬುದು ಮೊದಲನೆಯದು. ಅಂಥ ವಿಮಾನವನ್ನು ಹಾರಿಸಲು ನಿಮ್ಮ ಈಗಿನ ಅನುಭವ ಸಾಕೇ ಎಂಬುದು ಎರಡನೆಯದು. ಹವ್ಯಾಸಿಗಳು ಕಟ್ಟಿದ ವಿಮಾನಗಳನ್ನು ಹಾರಾಟಕ್ಕೆ ಮುನ್ನ ಪರೀಕ್ಷಿಸುವುದು ನನ್ನ ವೃತ್ತಿಯ ಭಾಗ. ಆ ಅನುಭವದಿಂದ ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ವೇಗದ ವಿಮಾನವನ್ನು ನೀವು ಕಟ್ಟಬಹುದು, ಸುರಕ್ಷಿತವಾಗಿ ಹಾರಿಸಲೂಬಹುದು. ಆದರೆ ಅದನ್ನು ಆರಿಸುವಾಗ ಎಷ್ಟು ವೇಗವಾಗಿ ಹಾರುತ್ತದೆ ಎಂಬುದಕ್ಕಿಂತ ಎಷ್ಟು ನಿಧಾನವಾಗಿ ಹಾರಬಲ್ಲದು ಎಂಬುದನ್ನು ಮೊದಲು ನೋಡಬೇಕು. ವೇಗ ತೀರಾ ಇಳಿದು ರೆಕ್ಕೆ ವಿಮಾನವನ್ನು ಎತ್ತಿಹಿಡಿಯಲಾರದೆ ಸೋಲುವುದನ್ನು ಸ್ಟಾಲ್ ಎನ್ನುತ್ತೇವೆ, ಅದು ಆಗುವ ವೇಗವೇ ಸ್ಟಾಲ್ ವೇಗ. ಈ ಅಳತೆಯಲ್ಲಿ ಲ್ಯಾನ್ಸೇರ್-4 ನಿಮ್ಮ ಇಂದಿನ ಅನುಭವಕ್ಕೆ ಬಹಳ ದೂರದ ವಿಮಾನ.

ಮೊದಲು ಮಾರುವವರ ಮಾತನ್ನು ತೆಗೆದುಕೊಳ್ಳೋಣ, ಏಕೆಂದರೆ ಮೂವರಲ್ಲಿ ಅವರ ಮಾತೇ ಹೆಚ್ಚು ದಾರಿ ತಪ್ಪಿಸುವಂಥದು. ಇಂಥ ಕಿಟ್‌ಗಳು ಹುಟ್ಟಿದ್ದು ಅಮೆರಿಕದಲ್ಲಿ, ಆದ್ದರಿಂದ ಅಲ್ಲಿನ ನಿಯಮವನ್ನೇ ಉದಾಹರಣೆಯಾಗಿ ಹೇಳುತ್ತೇನೆ. ವಿಮಾನದ ಹೆಚ್ಚಿನ ಭಾಗವನ್ನು ಹವ್ಯಾಸಿಗಳು ತಮ್ಮ ಕಲಿಕೆಗಾಗಿ ಅಥವಾ ಸಂತೋಷಕ್ಕಾಗಿ ಕಟ್ಟಿರಬೇಕು ಎಂಬ ನಿಯಮ ಅಲ್ಲಿದೆ. ರೂಢಿಯಲ್ಲಿ ಅದನ್ನು 51 ಶೇಕಡಾ ನಿಯಮ ಎನ್ನುತ್ತಾರೆ. ಯಾರು ಕಟ್ಟಿದರು ಎಂಬುದನ್ನು ಮಾತ್ರ ಆ ನಿಯಮ ಕೇಳುತ್ತದೆ. ಎಷ್ಟು ಚೆನ್ನಾಗಿ ಕಟ್ಟಿದ್ದಾರೆ, ಆ ವಿನ್ಯಾಸ ಎಷ್ಟು ಸೌಮ್ಯವಾಗಿ ಹಾರುತ್ತದೆ ಎಂಬುದು ಅದರ ವ್ಯಾಪ್ತಿಯಲ್ಲೇ ಇಲ್ಲ. ತಪಾಸಣಾಧಿಕಾರಿ ದಾಖಲೆಗಳನ್ನು ನೋಡುತ್ತಾರೆ, ಕಣ್ಣಿಗೆ ಕಾಣುವ ಕೊರತೆಗಳನ್ನು ಗುರುತಿಸುತ್ತಾರೆ, ಪರೀಕ್ಷಾರ್ಥ ಹಾರಾಟಕ್ಕೆ ಮಿತಿಗಳನ್ನು ವಿಧಿಸುತ್ತಾರೆ. ಮುಚ್ಚಿಹೋದ ರೆಕ್ಕೆಯ ಒಳಗಿನ ಅಂಟಿನ ಗೆರೆ ಅವರಿಗೂ ಕಾಣುವುದಿಲ್ಲ. ಕಾರ್ಖಾನೆಯಲ್ಲಿ ತಯಾರಾಗಿ ಪ್ರಮಾಣಪತ್ರ ಪಡೆದ ವಿಮಾನದ ಸ್ಟಾಲ್ ನಡವಳಿಕೆ, ಇಂಧನ ವ್ಯವಸ್ಥೆ, ರಚನೆಯ ಬಲ ಎಲ್ಲವನ್ನೂ ಮಾನದಂಡಗಳ ಮುಂದೆ ಒರೆಗೆ ಹಚ್ಚಿರುತ್ತಾರೆ. ಹವ್ಯಾಸಿ ವಿಮಾನಕ್ಕೆ ಆ ಕಟ್ಟುಪಾಡು ಇಲ್ಲ. ಅದರ ಬಾಗಿಲ ಬಳಿ 'ಪ್ರಾಯೋಗಿಕ' ಎಂದು ಬರೆಸುವುದು ಇದೇ ಕಾರಣಕ್ಕೆ.

ಮನೆಯವರ ಭಯಕ್ಕೆ ನಾನು ಹೆಚ್ಚು ಸಮಾಧಾನ ಹೇಳಬಲ್ಲೆ. ಕಾಂಪೊಸಿಟ್ ಎಂಬುದು ಬರೀ ಅಂಟಲ್ಲ. ಗಾಜಿನ ಅಥವಾ ಕಾರ್ಬನ್‌ನ ನೂಲು ಭಾರ ಹೊರುತ್ತದೆ, ಎಪಾಕ್ಸಿ ಎಂಬ ಗಟ್ಟಿಯಾಗುವ ರಾಳ ಆ ನೂಲನ್ನು ಹಿಡಿದಿಡುತ್ತದೆ. ವಿಮಾನ ವಿನ್ಯಾಸಕ ಬರ್ಟ್ ರಟಾನ್ ಅವರ ವೇರಿ-ಈಝೀ ವಿಮಾನ 1975ರಲ್ಲಿ ಹಾರಿದಂದಿನಿಂದ ಹವ್ಯಾಸಿಗಳು ಈ ವಸ್ತುವನ್ನು ಬಳಸುತ್ತ ಬಂದಿದ್ದಾರೆ. ಲ್ಯಾನ್ಸೇರ್ ವಿನ್ಯಾಸಕ ಲ್ಯಾನ್ಸ್ ನೀಬಾವರ್ ಅವರ ಇನ್ನೊಂದು ಕಿಟ್ ವಿಮಾನವಾದ ಇಎಸ್‌ನಿಂದ ಬೆಳೆದ ಕೊಲಂಬಿಯಾ 300 ಎಂಬ ಕಾಂಪೊಸಿಟ್ ವಿಮಾನ 1998ರಲ್ಲಿ ಪೂರ್ಣ ಪ್ರಮಾಣಪತ್ರವನ್ನೇ ಪಡೆಯಿತು. ಹೀಗಿರುವಾಗ ವಸ್ತುವನ್ನು ದೂರುವುದು ಸರಿಯಲ್ಲ. ಎಚ್ಚರ ಬೇಕಾಗುವುದು ಕೈಕೆಲಸದಲ್ಲಿ, ಅದರಲ್ಲೂ ಗಟ್ಟಿಯಾಗಿ ಹೋದ ಎರಡು ಭಾಗಗಳನ್ನು ಆಮೇಲೆ ಬೆಸೆಯುವ ಕಡೆಗಳಲ್ಲಿ. ಮೇಲ್ಮೈಯನ್ನು ಸರಿಯಾಗಿ ಉಜ್ಜದಿದ್ದರೆ, ಎಪಾಕ್ಸಿ ಗಟ್ಟಿಯಾಗುವಾಗ ಮೇಲೆ ಏಳುವ ಮೇಣದಂಥ ಪದರವನ್ನು ತೊಳೆಯದಿದ್ದರೆ, ಒದ್ದೆ ಗೋಡೆಗೆ ಬಳಿದ ಬಣ್ಣದ ಹಾಗೆ ಬೆಸುಗೆ ನೋಡಲು ಚೆನ್ನಾಗಿದ್ದೂ ಹಿಡಿತವಿಲ್ಲದೆ ಕೂತಿರುತ್ತದೆ. ತಾಪಮಾನವೂ ಮುಖ್ಯ. ಕೋಣೆಯ ತಾಪದಲ್ಲಷ್ಟೇ ಗಟ್ಟಿಯಾದ ಕೆಲವು ಎಪಾಕ್ಸಿಗಳು 60–70 ಡಿಗ್ರಿ ಸೆಲ್ಸಿಯಸ್ ದಾಟಿದೊಡನೆ ಮೆದುವಾಗತೊಡಗಬಹುದು, ಬಿಸಿಲಿಗೆ ನಿಂತ ಗಾಢ ಬಣ್ಣದ ರೆಕ್ಕೆ ಆ ತಾಪವನ್ನು ಸುಲಭವಾಗಿ ಮೀರುತ್ತದೆ. ಕಾಂಪೊಸಿಟ್ ವಿಮಾನಗಳಲ್ಲಿ ಹೆಚ್ಚಿನವು ಬಿಳಿಯಾಗಿರುವುದಕ್ಕೆ ಕಾರಣ ಇದೇ ಹೊರತು ಅಂದವಲ್ಲ.

ಈಗ ಹಿರಿಯ ಪೈಲಟ್ ಹೇಳಿದ ಮಾತು. ಅವರು ಎಚ್ಚರಿಸಿದ್ದು ಸರಿ, ಆದರೆ ಕಾರಣವನ್ನು ಬಿಡಿಸಿ ನೋಡಬೇಕು. ವಿಮಾನದ ತೂಕವನ್ನು ರೆಕ್ಕೆಯ ವಿಸ್ತೀರ್ಣದಿಂದ ಭಾಗಿಸಿದರೆ ಸಿಗುವ ಸಂಖ್ಯೆಯನ್ನು ವಿಂಗ್ ಲೋಡಿಂಗ್ ಎನ್ನುತ್ತೇವೆ. ನೀವು ಹಾರಿಸುವ ಸೆಸ್ನಾ 172ರ ಎಸ್ ಮಾದರಿಯಲ್ಲಿ ಪೂರ್ಣ ತೂಕಕ್ಕೆ ಅದು ಚದರ ಮೀಟರಿಗೆ ಸುಮಾರು 71 ಕಿಲೋ. ಲ್ಯಾನ್ಸೇರ್-4ರ ರೆಕ್ಕೆ ಸುಮಾರು 9 ಚದರ ಮೀಟರ್ ಮಾತ್ರ, ತುಂಬಿದ ತೂಕ 1,450ರಿಂದ 1,600 ಕಿಲೋ. ಹಾಗಾಗಿ ಪ್ರತಿ ಚದರ ಮೀಟರ್ 160ರಿಂದ 175 ಕಿಲೋ ಹೊರಬೇಕು. ಸ್ಟಾಲ್ ಆಗುವ ವೇಗ ಈ ಹೊರೆಯ ವರ್ಗಮೂಲದ ಪ್ರಮಾಣದಲ್ಲಿ ಏರುತ್ತದೆ. ರೆಕ್ಕೆಯ ಹಿಂಅಂಚಿನಿಂದ ಕೆಳಗಿಳಿಸುವ ಒಳ್ಳೆಯ ಫ್ಲ್ಯಾಪ್‌ಗಳು ಸ್ವಲ್ಪ ಮಟ್ಟಿಗೆ ಕೈಹಿಡಿಯುತ್ತವೆ, ಆದರೆ ಇಷ್ಟು ದೊಡ್ಡ ವ್ಯತ್ಯಾಸವನ್ನು ತುಂಬಿಕೊಡಲಾರವು. 172ನ್ನು ಸುಮಾರು 65 ನಾಟ್‌ನಲ್ಲಿ (ಒಂದು ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿಲೋಮೀಟರ್) ರನ್‌ವೇಗೆ ತರುವ ನೀವು ಲ್ಯಾನ್ಸೇರ್-4ನ್ನು ತರಬೇಕಾದದ್ದು ಸುಮಾರು 100 ನಾಟ್‌ನಲ್ಲಿ. ಚಲನಶಕ್ತಿ ವೇಗದ ವರ್ಗದಂತೆ ಬೆಳೆಯುವುದರಿಂದ, ಎಂಜಿನ್ ನಿಂತು ಹೊಲವೊಂದಕ್ಕೆ ಇಳಿಯಬೇಕಾಗಿ ಬಂದರೆ ನಿಮ್ಮ ದೇಹ ತಾಳಿಕೊಳ್ಳಬೇಕಾದ ಶಕ್ತಿ ಎರಡೂ ಕಾಲು ಪಟ್ಟಿಗಿಂತ ಹೆಚ್ಚು.

ಪ್ರಮಾಣಪತ್ರದ ವಿಮಾನಗಳ ಅಮೆರಿಕನ್ ನಿಯಮಗಳು ಒಂದೇ ಎಂಜಿನ್‌ನ ಸಣ್ಣ ವಿಮಾನಗಳಿಗೆ ದಶಕಗಳ ಕಾಲ 61 ನಾಟ್ ಎಂಬ ಸ್ಟಾಲ್ ಮಿತಿಯನ್ನು ಇಟ್ಟಿದ್ದು ಈ ಲೆಕ್ಕದಿಂದಲೇ. ಇರುವ ಒಂದು ಎಂಜಿನ್ ಕೈಕೊಟ್ಟಾಗ ನೆಲಕ್ಕೆ ತಾಗುವ ವೇಗವು ಬದುಕುಳಿಯಬಹುದಾದ ಮಟ್ಟದಲ್ಲಿರಲಿ ಎಂಬುದು ಅದರ ಉದ್ದೇಶ. ಹವ್ಯಾಸಿ ವಿಮಾನಗಳಿಗೆ ಈ ಮಿತಿ ಅನ್ವಯಿಸುವುದಿಲ್ಲ. ಮಾರಣಾಂತಿಕ ಅಪಘಾತಗಳಲ್ಲಿ ಲ್ಯಾನ್ಸೇರ್‌ಗಳ ಪಾಲು ಅವುಗಳ ಸಂಖ್ಯೆಗೆ ಹೋಲಿಸಿದರೆ ಬಹಳ ಹೆಚ್ಚಾಗಿದ್ದುದನ್ನು ಕಂಡು, ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆಯಾದ ಎಫ್‌ಎಎ 2010ರ ಆರಂಭದಲ್ಲಿ ಆ ಹೆಸರನ್ನೇ ಎತ್ತಿ ಸುರಕ್ಷತಾ ಸೂಚನೆ ಹೊರಡಿಸಿತು. ಸ್ಟಾಲ್ ಎಚ್ಚರಿಕೆಯ ಸಾಧನ ಅಳವಡಿಸಿ, ವಿಮಾನದ ನಿಧಾನಗತಿಯ ಗುಣಗಳನ್ನು ಬಲ್ಲವರಿಂದ ಪರೀಕ್ಷಿಸಿಕೊಳ್ಳಿ, ಆ ಮಾದರಿಗೇ ಮೀಸಲಾದ ತರಬೇತಿ ಪಡೆಯಿರಿ ಎಂಬುದು ಅದರ ಸಾರ.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ, ಅದನ್ನು ಹೆಚ್ಚಿನವರು ಗಮನಿಸುವುದಿಲ್ಲ. 172 ಸ್ಟಾಲ್ ಆಗುವ ಮುನ್ನ ನಡುಗುತ್ತದೆ, ಕೂಗುತ್ತದೆ, ಆದ ಮೇಲೂ ಮೂಗು ತಗ್ಗಿಸಿ ತಾನೇ ಚೇತರಿಸಿಕೊಳ್ಳಲು ನೋಡುತ್ತದೆ. ಗಾಳಿ ನಯವಾಗಿ ಜಾರುವಂತೆ ರೂಪಿಸಿದ ವೇಗದ ರೆಕ್ಕೆಗಳಲ್ಲಿ ಈ ಮುನ್ಸೂಚನೆ ಬಹಳ ಕಡಿಮೆ ಇರಬಹುದು. ಹವ್ಯಾಸಿಯ ಕೈಯಲ್ಲಿ ಎಡ ಮತ್ತು ಬಲ ರೆಕ್ಕೆಗಳ ಮುಂಅಂಚು ಕೂದಲೆಳೆಯಷ್ಟು ಭಿನ್ನವಾದರೂ ಒಂದು ರೆಕ್ಕೆ ಮೊದಲು ಸೋತು ವಿಮಾನ ಆ ಕಡೆಗೆ ಉರುಳುತ್ತದೆ. ಹಾಗಾಗಿ ಒಂದೇ ಕಿಟ್‌ನಿಂದ ಕಟ್ಟಿದ ಎರಡು ವಿಮಾನಗಳು ಒಂದೇ ರೀತಿ ಸ್ಟಾಲ್ ಆಗಬೇಕೆಂದಿಲ್ಲ. ಲ್ಯಾಂಡಿಂಗ್‌ಗೆ ಕೊನೆಯ ತಿರುವು ಪಡೆಯುವಾಗ ರನ್‌ವೇ ದಾಟಿ ಹೋಗುತ್ತಿದ್ದೇನೆ ಎನ್ನಿಸಿ 45 ಡಿಗ್ರಿ ವಾಲಿಸಿ ಎಳೆದರೆ ಸ್ಟಾಲ್ ವೇಗ ಶೇಕಡಾ 19ರಷ್ಟು ಏರುತ್ತದೆ. 60 ಡಿಗ್ರಿಗೆ ಶೇಕಡಾ 41ರಷ್ಟು. ಭೂಮಿಯಿಂದ 150 ಮೀಟರ್ ಎತ್ತರದಲ್ಲಿ ಒಂದು ರೆಕ್ಕೆ ಕುಸಿದರೆ ಚೇತರಿಸಿಕೊಳ್ಳಲು ಜಾಗವಿರುವುದಿಲ್ಲ. ರೆಕ್ಕೆಯು ಗಾಳಿಗೆ ಒಡ್ಡಿದ ಕೋನವನ್ನು ತೋರಿಸುವ ಸೂಚಕವನ್ನು ನಾನು ಎಲ್ಲರಿಗೂ ಶಿಫಾರಸು ಮಾಡುತ್ತೇನೆ. ಆದರೆ ಆ ಸೂಚಕ ಕೂಗಿದಾಗ ಕೈ ತಾನಾಗಿ ನಿಯಂತ್ರಣದ ಹಿಡಿಯನ್ನು ಮುಂದಕ್ಕೆ ತಳ್ಳುವಷ್ಟು ಅಭ್ಯಾಸವಿಲ್ಲದಿದ್ದರೆ ಅದರಿಂದ ಹೆಚ್ಚು ಉಪಯೋಗವಿಲ್ಲ.

ವೇಗದ ಮೇಲ್ತುದಿಯಲ್ಲಿಯೂ ಒಂದು ಅಪಾಯವಿದೆ: ಫ್ಲಟರ್. ಬಾಲದ ಚಲಿಸುವ ಭಾಗವಾದ ಎಲಿವೇಟರ್ ಅಥವಾ ರೆಕ್ಕೆಯ ಚಲಿಸುವ ಭಾಗವಾದ ಏಲೆರಾನ್ ಗಾಳಿಯೊಡನೆ ತಾಳ ಹಿಡಿದು ಕಂಪಿಸತೊಡಗಿದರೆ ಕೆಲವೇ ಕ್ಷಣಗಳಲ್ಲಿ ಬಾಲವೋ ರೆಕ್ಕೆಯೋ ಮುರಿಯಬಹುದು. ಎತ್ತರದಲ್ಲಿ ಇದು ನಿಜವಾದ ಗಾಳಿವೇಗವನ್ನು ಹೆಚ್ಚು ಅನುಸರಿಸುತ್ತದೆಯೇ ಹೊರತು ವೇಗಸೂಚಕದ ಮುಳ್ಳನ್ನಲ್ಲ, ಏಕೆಂದರೆ ತೆಳುವಾದ ಗಾಳಿಯಲ್ಲಿ ಮುಳ್ಳು ಕಡಿಮೆ ತೋರಿಸುತ್ತದೆ. 18,000 ಅಡಿ ಎತ್ತರದಲ್ಲಿ ಮುಳ್ಳು 200 ನಾಟ್ ತೋರಿಸುವಾಗ ವಿಮಾನ ಸುಮಾರು 265 ನಾಟ್‌ನಲ್ಲಿ ಗಾಳಿಯನ್ನು ಸೀಳುತ್ತಿರುತ್ತದೆ. ಟರ್ಬೊ ಎಂಜಿನ್ ಹಾಕಿಸಿಕೊಂಡು ಎತ್ತರಕ್ಕೆ ಏರುವವರು ಇದನ್ನು ಮರೆಯಬಾರದು. ಚಲಿಸುವ ಭಾಗಗಳ ತೂಕದ ಸಮತೋಲನವನ್ನು ಬಣ್ಣ ಬಳಿದ ನಂತರವೇ ಅಳೆಯಬೇಕು, ಬಣ್ಣ ಬದಲಿಸಿದಾಗ ಮತ್ತೆ ಅಳೆಯಬೇಕು.

ಇಷ್ಟು ಹೇಳಿದ ಮೇಲೂ, ಅಪಘಾತಗಳ ಹೆಚ್ಚಿನ ಭಾಗ ಮುರಿದ ರೆಕ್ಕೆಗಳಿಂದ ಬರುವುದಿಲ್ಲ. ಅಮೆರಿಕದ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿ 2012ರಲ್ಲಿ ಹವ್ಯಾಸಿ ವಿಮಾನಗಳ ಬಗ್ಗೆ ವಿಸ್ತಾರವಾದ ಅಧ್ಯಯನ ನಡೆಸಿತು. ಅಲ್ಲಿನ ಸಣ್ಣ ವಿಮಾನಗಳಲ್ಲಿ ಸುಮಾರು ಶೇಕಡಾ 10ರಷ್ಟಿರುವ ಇವು 2011ರಲ್ಲಿ ಒಟ್ಟು ಅಪಘಾತಗಳ ಶೇಕಡಾ 15ರಷ್ಟಕ್ಕೆ, ಸಾವು ಸಂಭವಿಸಿದ ಅಪಘಾತಗಳ ಶೇಕಡಾ 21ರಷ್ಟಕ್ಕೆ ಒಳಗಾಗಿದ್ದವು. ಎಂಜಿನ್ ಶಕ್ತಿ ಕಳೆದುಕೊಳ್ಳುವುದು ಮತ್ತು ಗಾಳಿಯಲ್ಲಿ ಹಿಡಿತ ತಪ್ಪುವುದು ಮುಖ್ಯ ಕಾರಣಗಳಾಗಿದ್ದವು. ಹೊಸದಾಗಿ ಕಟ್ಟಿದ ವಿಮಾನದ ಆರಂಭದ ಹಾರಾಟಗಳಲ್ಲಿಯೂ, ಬೇರೆಯವರು ಕಟ್ಟಿದ್ದನ್ನು ಕೊಂಡ ಹೊಸ ಮಾಲೀಕರ ಆರಂಭದ ಹಾರಾಟಗಳಲ್ಲಿಯೂ ಅಪಘಾತಗಳು ಗುಂಪುಗೂಡಿದ್ದವು.

ಎಂಜಿನ್ ನಿಲ್ಲುವುದು ಎಂದಾಗ ಒಡೆದ ಪಿಸ್ಟನ್ ಕಣ್ಣಿಗೆ ಕಟ್ಟುತ್ತದೆ. ನಾನು ಕಂಡಂತೆ ತೊಂದರೆ ಹೆಚ್ಚಾಗಿ ಇರುವುದು ಟ್ಯಾಂಕಿಗೂ ಎಂಜಿನ್‌ಗೂ ನಡುವೆ: ಫಿಲ್ಟರಿಗೆ ಬಂದು ಕೂತ ಕಾಂಪೊಸಿಟ್ ಪುಡಿ, ಕಟ್ಟಿಕೊಂಡ ಗಾಳಿನಳಿಕೆ, ಬಿಸಿ ಎಂಜಿನ್‌ಗೆ ತಾಗಿಕೊಂಡು ಹೋಗುವ ಕೊಳವೆಯಲ್ಲಿ ಆವಿಯಾದ ಇಂಧನ, ಎಥನಾಲ್ ಬೆರೆತ ಪೆಟ್ರೋಲಿಗೆ ಕರಗಿದ ಟ್ಯಾಂಕಿನ ಒಳಲೇಪ. ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಕರಾವಳಿಯಲ್ಲಿ ಸತ್ತದ್ದು ಆಗಷ್ಟೇ ಕೊಂಡಿದ್ದ ಲಾಂಗ್-ಈಝೀ ವಿಮಾನದಲ್ಲಿ. ಅದನ್ನು ಕಟ್ಟಿದವರು ಮೂಲ ನಕ್ಷೆಯನ್ನು ಬಿಟ್ಟು, ಟ್ಯಾಂಕ್ ಬದಲಿಸುವ ಹಿಡಿಯನ್ನು ಪೈಲಟ್‌ನ ಎಡ ಭುಜದ ಹಿಂದೆ ಕೂರಿಸಿದ್ದರು. ಇಂಧನ ಕಡಿಮೆಯಿದ್ದ ಹಾರಾಟದಲ್ಲಿ ಆ ಹಿಡಿಗೆ ಕೈ ಚಾಚಲು ಮೈ ತಿರುಗಿಸಬೇಕಾಗಿತ್ತು, ಆಗ ವಿಮಾನ ಹಿಡಿತ ತಪ್ಪಿತು ಎಂಬುದು ತನಿಖೆಯ ನಿಲುವು. ಕಾಕ್‌ಪಿಟ್ಟಿನೊಳಗೆ ಇಂಧನದ ಕೊಳವೆ ಬೇಡವೆಂಬ ಒಳ್ಳೆಯ ಉದ್ದೇಶದಿಂದಲೇ ಅವರು ಆ ಬದಲಾವಣೆ ಮಾಡಿದ್ದರು. ಹವ್ಯಾಸಿಗಳು ನಕ್ಷೆಯಿಂದ ಸರಿಯುವುದನ್ನು ನಾನು ಅಷ್ಟು ಗಟ್ಟಿಯಾಗಿ ವಿರೋಧಿಸುವುದು ಇದಕ್ಕಾಗಿ. ಒಂದು ಅಪಾಯವನ್ನು ತಪ್ಪಿಸಲು ಮಾಡಿದ ಸುಧಾರಣೆ ಯಾರೂ ಪರೀಕ್ಷಿಸದ ಇನ್ನೊಂದು ಅಪಾಯವನ್ನು ತಂದಿಟ್ಟಿರುತ್ತದೆ.

ಹಾಗಾದರೆ ನಿಮ್ಮ ಮುಂದಿರುವ ದಾರಿಗಳೇನು? ಹಿರಿಯ ಪೈಲಟ್ ಸೂಚಿಸಿದ ಆರ್‌ವಿ ದಾರಿಯನ್ನು ನಾನು ಮನಸಾರೆ ಬೆಂಬಲಿಸುತ್ತೇನೆ. ಲೋಹ ಕಾಂಪೊಸಿಟ್‌ಗಿಂತ ಮೇಲೆಂದು ಅಲ್ಲ. ಆರ್‌ವಿಗಳನ್ನು ರೂಪಿಸಿದ ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ ಅವರ ವಿನ್ಯಾಸಗಳು ವೇಗವನ್ನು ರೆಕ್ಕೆ ಕಿರಿದು ಮಾಡಿ ಗಳಿಸಿಲ್ಲ. ಗಾಳಿಯ ತಡೆ ಕಡಿಮೆ ಮಾಡಿ, ತೂಕ ಹಗುರ ಮಾಡಿ ಗಳಿಸಿವೆ. ಎರಡು ಆಸನಗಳ ಆರ್‌ವಿ-7ರ ವಿಂಗ್ ಲೋಡಿಂಗ್ ಚದರ ಮೀಟರಿಗೆ ಸುಮಾರು 73 ಕಿಲೋ, ಎಂದರೆ ನಿಮ್ಮ 172ಕ್ಕೆ ಹೆಚ್ಚುಕಡಿಮೆ ಸಮ. ಆದರೂ 180–200 ಅಶ್ವಶಕ್ತಿಯಲ್ಲಿ ಅದು ಗಂಟೆಗೆ 300 ಕಿಲೋಮೀಟರಿಗೂ ಮಿಗಿಲಾಗಿ ಸಾಗುತ್ತದೆ. ನಿಮಗೆ ನಾಲ್ಕು ಆಸನ ಬೇಕಿರುವುದರಿಂದ ಆರ್‌ವಿ-10 ನೋಡಿ: 260 ಅಶ್ವಶಕ್ತಿ, ಮಡಚದ ಚಕ್ರಗಳು, ಚದರ ಮೀಟರಿಗೆ ಸುಮಾರು 89 ಕಿಲೋ, ಸ್ಟಾಲ್ 61 ನಾಟ್‌ಗಿಂತ ಸಾಕಷ್ಟು ಕೆಳಗೆ. 350 ಅಶ್ವಶಕ್ತಿಯ ಲ್ಯಾನ್ಸೇರ್-4 ಎತ್ತರದಲ್ಲಿ ಗಂಟೆಗೆ 500 ಕಿಲೋಮೀಟರ್ ಆಸುಪಾಸಿನಲ್ಲಿ ಹೋಗುತ್ತದೆ ಎಂಬುದು ನಿಜ. ಆ ಹೆಚ್ಚಿನ ವೇಗಕ್ಕೆ ನೀವು ತೆರುವ ಬೆಲೆ ಲ್ಯಾಂಡಿಂಗ್‌ನಲ್ಲಿ, ಎಂಜಿನ್ ನಿಂತಾಗಿನ ಆಯ್ಕೆಗಳಲ್ಲಿ, ಹಲವು ಸಾವಿರ ಗಂಟೆಗಳ ಕಟ್ಟುವ ಕೆಲಸದಲ್ಲಿ ಇರುತ್ತದೆ.

ಆರ್‌ವಿ ದಾರಿಯಲ್ಲೂ ತೊಡಕಿಲ್ಲವೆಂದಲ್ಲ. ಕಿಟ್ ಮಾರುವವರಲ್ಲಿ ಬಹುಶಃ ಅತಿ ದೊಡ್ಡ ಹೆಸರಾದ, ಆರ್‌ವಿ ಕಿಟ್‌ಗಳನ್ನು ತಯಾರಿಸುವ ವ್ಯಾನ್ಸ್ ಏರ್‌ಕ್ರಾಫ್ಟ್ ಕಂಪನಿಯೇ 2023ರ ಡಿಸೆಂಬರ್‌ನಲ್ಲಿ ನ್ಯಾಯಾಲಯದ ಆಶ್ರಯದಲ್ಲಿ ಸಾಲ ಪುನರ್‌ರಚನೆಗೆ ಹೋಗಬೇಕಾಯಿತು. ಲೇಸರ್‌ನಿಂದ ಕತ್ತರಿಸಿದ ಕೆಲವು ಭಾಗಗಳ ರಂಧ್ರಗಳಲ್ಲಿ ಬಿರುಕು ಕಾಣಿಸಿಕೊಂಡದ್ದು ಅದರ ಕಾರಣಗಳಲ್ಲಿ ಒಂದು. ಮರುವರ್ಷ ಕಂಪನಿ ಚೇತರಿಸಿಕೊಂಡಿತು, ಆದರೆ ಈ ನಡುವೆ ಅನೇಕರು ಬದಲಿ ಭಾಗಗಳಿಗಾಗಿ ಕಾಯಬೇಕಾಯಿತು. ಯಾವ ಕಿಟ್ ಕೊಂಡರೂ ಹಂತಹಂತವಾಗಿ ಕೊಳ್ಳಿ. ಬಾಲದ ಭಾಗ ಮುಗಿಯುವ ಮುನ್ನ ಎಂಜಿನ್‌ಗೆ ಹಣ ಹೂಡಬೇಡಿ.

ಕಟ್ಟಿ ಮುಗಿದದ್ದನ್ನೇ ಕೊಳ್ಳುವುದು ಮೂರನೆಯ ದಾರಿ. ಸಮಯ ಉಳಿಯುತ್ತದೆ, ಆದರೆ ಬೇರೆಯವರ ಕೈಕೆಲಸದ ಒಳಗನ್ನು ನೀವು ಕಂಡಿರುವುದಿಲ್ಲ. ಆ ಮಾದರಿಯನ್ನು ಬಲ್ಲ ತಂತ್ರಜ್ಞರಿಂದ ಪೂರ್ಣ ತಪಾಸಣೆ, ಹೊಸದಾಗಿ ತೂಗಿದ ತೂಕಪಟ್ಟಿ, ಆ ಮಾದರಿಯ ಬೋಧಕರೊಡನೆ ತರಬೇತಿ, ಇವು ಮೂರೂ ಆಗದೆ ಒಬ್ಬರೇ ಹಾರಬಾರದು.

ಇನ್ನು ನಿಮ್ಮ ಕಣ್ಣಿಗೆ ಬಿದ್ದಿರುವ ಅರ್ಧ ಮುಗಿದ ಕಿಟ್. ಲೋಹದ ಅರೆಕಿಟ್ ಆಗಿದ್ದರೆ ಸಂಶಯ ಬಂದ ರಿವೆಟ್ಟನ್ನು ಕೊರೆದು ತೆಗೆದು ಮತ್ತೆ ಹಾಕಬಹುದು. ಮುಚ್ಚಿದ ಕಾಂಪೊಸಿಟ್ ರೆಕ್ಕೆಯನ್ನು ಹಾಗೆ ಬಿಚ್ಚಲಾಗದು. ಅದಕ್ಕಾಗಿ ಮಾರುವವರನ್ನು ಈ ವಿಷಯಗಳನ್ನು ಕೇಳಿ: ಪ್ರತಿ ಹಂತದ ಚಿತ್ರಗಳೂ ದಿನಾಂಕಗಳೂ ಇರುವ ದಾಖಲೆ ಇದೆಯೇ, ಎಪಾಕ್ಸಿಯ ಪ್ರತಿ ಮಿಶ್ರಣದಿಂದ ಮಾದರಿ ತುಂಡು ಉಳಿಸಿದ್ದಾರೆಯೇ, ಕೆಲಸ ನಡೆದ ಜಾಗದ ತಾಪ ಮತ್ತು ತೇವಾಂಶ ಬರೆದಿಟ್ಟಿದ್ದಾರೆಯೇ, ಎಪಾಕ್ಸಿಯ ಬಾಳಿಕೆಯ ದಿನಾಂಕ ಮೀರಿತ್ತೇ, ಮುಖ್ಯ ಭಾಗಗಳಿಗೆ ಒಲೆಯಲ್ಲಿ ಅಂತಿಮ ಕಾವು ಕೊಟ್ಟಿದ್ದಾರೆಯೇ. ನಾಣ್ಯದಿಂದ ತಟ್ಟಿ ಸದ್ದು ಕೇಳುವ ಹಳೆಯ ವಿಧಾನ ಪದರ ಬಿಟ್ಟ ಜಾಗವನ್ನು ತೋರಿಸಿಕೊಡುತ್ತದೆ. ಅಂಟಿಕೊಂಡಿದ್ದೂ ದುರ್ಬಲವಾಗಿರುವ ಬೆಸುಗೆಯನ್ನು ಅದು ತೋರಿಸಲಾರದು. ದಾಖಲೆಯಿಲ್ಲದ ರೆಕ್ಕೆಯಾದರೆ ಎಷ್ಟೇ ಅಗ್ಗವಾಗಿ ಸಿಕ್ಕರೂ ನಾನು ಕೊಳ್ಳುವುದಿಲ್ಲ, ನಿಮಗೂ ಕೊಳ್ಳಿರೆಂದು ಹೇಳಲಾರೆ. ಹಿಂದಿನವರು ಮಾಡಿದ ಕೆಲಸಕ್ಕೆ ದಾಖಲೆ ಇಲ್ಲದಿದ್ದರೆ 51 ಶೇಕಡಾ ನಿಯಮದಡಿ ವಿಮಾನವನ್ನು ನೋಂದಾಯಿಸುವುದೂ ಕಷ್ಟವಾಗುತ್ತದೆ. ನಿಮ್ಮ ದೇಶದ ನಿಯಂತ್ರಣ ಸಂಸ್ಥೆ ಇದನ್ನು ಹೇಗೆ ನೋಡುತ್ತದೆ ಎಂದು ಹಣ ಕೊಡುವ ಮುನ್ನವೇ ಬರಹದಲ್ಲಿ ಕೇಳಿಕೊಳ್ಳಿ.

ದಾಖಲೆಯೆಲ್ಲ ಸರಿಯಾಗಿದ್ದು ನೀವು ಲ್ಯಾನ್ಸೇರ್‌ನ್ನೇ ಕಟ್ಟುವುದಾದರೆ, ಕಟ್ಟುವ ವರ್ಷಗಳನ್ನು ಹಾರಾಟಕ್ಕೂ ಬಳಸಿ. ಕಟ್ಟಲು ಕುಳಿತವರು ಹಾರುವುದನ್ನು ಬಿಟ್ಟುಬಿಡುತ್ತಾರೆ. ವಿಮಾನ ಸಿದ್ಧವಾಗುವ ದಿನಕ್ಕೆ ಅವರ ಕೈ ಅತಿ ಹೆಚ್ಚು ತುಕ್ಕು ಹಿಡಿದಿರುತ್ತದೆ. ಚಕ್ರ ಮಡಚುವ, 200 ಅಶ್ವಶಕ್ತಿ ಮೀರಿದ ವಿಮಾನಗಳಲ್ಲಿ ಅನುಭವ ಗಳಿಸಿ, ಉಪಕರಣಗಳ ಸಹಾಯದಿಂದ ಹಾರುವ ಅರ್ಹತೆ ಪಡೆಯಿರಿ, ಆಮೇಲೆ ಲ್ಯಾನ್ಸೇರ್‌ನಲ್ಲೇ ಕಲಿಸುವ ಬೋಧಕರ ಬಳಿ ಹೋಗಿ.

ಮೊದಲ ಹಾರಾಟದ ಬಗ್ಗೆ ಕೇಳಿದ್ದೀರಿ. ಆರ್‌ವಿ ಆದರೆ, ಅದೇ ಮಾದರಿಯಲ್ಲಿ ತಕ್ಕ ತರಬೇತಿ ಪಡೆದು ನೀವೇ ಮಾಡಬಹುದು. ಲ್ಯಾನ್ಸೇರ್-4 ಆದರೆ, ಆ ಮಾದರಿಯನ್ನು ಚೆನ್ನಾಗಿ ಬಲ್ಲ ಪೈಲಟ್‌ಗೆ ಬಿಟ್ಟುಕೊಡಿ ಎಂಬುದು ನನ್ನ ಸ್ಪಷ್ಟ ಸಲಹೆ. ಅಮೆರಿಕದ ನಿಯಮದಲ್ಲಿ ಪರೀಕ್ಷಾ ಅವಧಿ ಸಾಂಪ್ರದಾಯಿಕವಾಗಿ 40 ಗಂಟೆ, ಪ್ರಮಾಣಪತ್ರ ಪಡೆದ ಎಂಜಿನ್ ಮತ್ತು ಪ್ರೊಪೆಲರ್ ಜೋಡಿಯಿದ್ದರೆ 25 ಗಂಟೆ; ಆ ಅವಧಿಯಲ್ಲಿ ಪ್ರಯಾಣಿಕರನ್ನು ಕೂರಿಸುವಂತಿಲ್ಲ. ಅರ್ಹ ಪೈಲಟ್ ಒಬ್ಬರನ್ನು ಜೊತೆಗೆ ಕರೆದೊಯ್ಯಲು 2014ರಿಂದ ಅಲ್ಲಿ ಅವಕಾಶವಿದೆ, ಅದನ್ನು ಬಳಸಿಕೊಳ್ಳುವುದರಲ್ಲಿ ಯಾವ ಸಂಕೋಚವೂ ಬೇಡ.

ಅದಕ್ಕೆ ಮುನ್ನ, ವಿಮಾನದ ಮೂಗನ್ನು ಅದು ಏರುವ ಕೋನಕ್ಕೆ ಎತ್ತಿ ನಿಲ್ಲಿಸಿ, ಎಂಜಿನ್‌ಗೆ ಹೋಗುವ ಇಂಧನವನ್ನು ಪಾತ್ರೆಗೆ ಹಿಡಿದು, ಪ್ರತಿ ಟ್ಯಾಂಕಿನಿಂದಲೂ ಬೇರೆಬೇರೆಯಾಗಿ ಅಳೆಯಬೇಕು. ಪಂಪ್ ಇರುವ ವ್ಯವಸ್ಥೆಯಲ್ಲಿ ಪೂರ್ಣ ಶಕ್ತಿಗೆ ಬೇಕಾದುದರ ಶೇಕಡಾ 125ರಷ್ಟು, ಗುರುತ್ವದಿಂದಲೇ ಹರಿಯುವಲ್ಲಿ ಶೇಕಡಾ 150ರಷ್ಟು ಬರಬೇಕು. ಗುರುತ್ವ ಕೇಂದ್ರವನ್ನು ಲೆಕ್ಕದಿಂದಲ್ಲ, ತೂಕದ ಯಂತ್ರಗಳ ಮೇಲೆ ನಿಲ್ಲಿಸಿ ತಿಳಿಯಿರಿ. ರನ್‌ವೇಯ ಮೇಲೆ ಹಾರುವ ವೇಗದ ಹತ್ತಿರದವರೆಗೆ ಮತ್ತೆಮತ್ತೆ ಓಡಿಸಿ ನೋಡುವ ಅಭ್ಯಾಸ ಹಲವರಿಗಿದೆ. ಬ್ರೇಕ್ ಕಾದು, ಎಂಜಿನ್ ಕಾದು, ಕೊನೆಗೆ ಉದ್ದೇಶವಿಲ್ಲದೆ ನೆಲ ಬಿಟ್ಟೇಳುವ ಅಪಾಯ ಅದರಲ್ಲಿದೆ, ಆದ್ದರಿಂದ ಅದನ್ನು ಮಿತಿಯಲ್ಲಿಡಿ. ಮೊದಲ ಹಾರಾಟಕ್ಕೆ ಉದ್ದನೆಯ ರನ್‌ವೇ, ಶಾಂತ ಗಾಳಿ, ಕೆಳಗಿಳಿಸಿಯೇ ಇಟ್ಟ ಚಕ್ರಗಳು, ವಿಮಾನ ನಿಲ್ದಾಣದ ನೆತ್ತಿಯ ಮೇಲೆಯೇ ಗಳಿಸಿದ ಎತ್ತರ ಇರಲಿ. ಸುರಕ್ಷಿತ ಎತ್ತರ ಸಿಕ್ಕ ಮೇಲೆ ಮೊದಲು ಮಾಡಬೇಕಾದ ಕೆಲಸವೆಂದರೆ ವೇಗವನ್ನು ನಿಧಾನವಾಗಿ ಇಳಿಸುತ್ತ ಸ್ಟಾಲ್‌ನ ಮುನ್ಸೂಚನೆ ಎಲ್ಲಿ ಕಾಣಿಸುತ್ತದೆ ಎಂದು ಗುರುತಿಸಿ ಬರೆದುಕೊಳ್ಳುವುದು. ಅಂದು ಲ್ಯಾಂಡಿಂಗ್‌ಗೆ ಬಳಸುವ ವೇಗವನ್ನು ಕಿಟ್‌ನ ಕೈಪಿಡಿಯ ಅಂಕಿಯಿಂದ ತೆಗೆದುಕೊಳ್ಳದೆ, ಆ ವಿಮಾನವೇ ಆಗಷ್ಟೇ ತೋರಿಸಿದ ಅಂಕಿಯಿಂದ ಲೆಕ್ಕ ಹಾಕಬೇಕು.